ಬರೆಯುತ್ತಿರುವಾಗಲೇ ತಿದ್ದುವ ಜೀವಕೋಶ: ಟ್ರಾನ್ಸ್‌ಕ್ರಿಪ್ಷನ್ ಮತ್ತು ಸ್ಪ್ಲೈಸಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯಪುಸ್ತಕದ ಚಿತ್ರದಲ್ಲಿ ಮೂರು ಬಾಣಗಳಿರುತ್ತವೆ. ಡಿಎನ್‌ಎಯಿಂದ ಉದ್ದನೆಯ ಕಚ್ಚಾ ಆರ್‌ಎನ್‌ಎ, ಅದನ್ನು ಕತ್ತರಿಸಿ ಜೋಡಿಸಿದ ಪಕ್ವ ಆರ್‌ಎನ್‌ಎ, ಅದರಿಂದ ಪ್ರೊಟೀನು. ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಇದನ್ನೇ ಬರೆದವನು. ಎರಡನೆಯ ಬಾಣದ ಕಡೆ ಬೆರಳು ತೋರಿಸಿ "ಸಾರ್, ಇದು ಆಗೋದು ಯಾವಾಗ?" ಎಂದು ಯಾರಾದರೂ ಕೇಳಿಬಿಟ್ಟರೆ ಆ ದಿನದ ಪಾಠ ಬೇರೆಯೇ ದಾರಿ ಹಿಡಿಯುತ್ತದೆ. ಕೆಳಗಿನ ಪ್ರಶ್ನೆಗಳೆಲ್ಲ ಆ ಒಂದು "ಯಾವಾಗ"ದ ಮಕ್ಕಳು, ಮೊಮ್ಮಕ್ಕಳು.

ಮೊದಲಿಗೆ, ಟ್ರಾನ್ಸ್‌ಕ್ರಿಪ್ಷನ್ ಎಂದರೇನು, ಸ್ಪ್ಲೈಸಿಂಗ್ ಎಂದರೇನು?

ಟ್ರಾನ್ಸ್‌ಕ್ರಿಪ್ಷನ್ ಎಂದರೆ ಡಿಎನ್‌ಎಯಲ್ಲಿರುವ ಜೀನನ್ನು ಆರ್‌ಎನ್‌ಎಯಾಗಿ ನಕಲು ಮಾಡಿಕೊಳ್ಳುವುದು. ಪ್ರೊಟೀನ್ ಜೀನುಗಳ ಮಟ್ಟಿಗೆ ಈ ಕೆಲಸ ಆರ್‌ಎನ್‌ಎ ಪಾಲಿಮರೇಸ್ 2 ಎಂಬ ಕಿಣ್ವದ್ದು. ಹನ್ನೆರಡು ಪ್ರೊಟೀನುಗಳು ಕೂಡಿ ಆದ ಯಂತ್ರ ಅದು. ಹಾಗೆ ಬಂದ ನಕಲಿನಲ್ಲಿ ಬೇಕಾದ ಭಾಗಗಳೂ ಇರುತ್ತವೆ, ಬೇಡದ ಭಾಗಗಳೂ ಇರುತ್ತವೆ. ಉಳಿಯುವ ತುಂಡುಗಳಿಗೆ ಎಕ್ಸಾನ್ ಎಂದೂ ಹೊರಹೋಗುವ ತುಂಡುಗಳಿಗೆ ಇಂಟ್ರಾನ್ ಎಂದೂ ಹೆಸರು. ಇಂಟ್ರಾನ್ ಕತ್ತರಿಸಿ ಎಕ್ಸಾನುಗಳನ್ನು ಒಂದಕ್ಕೊಂದು ಬೆಸೆಯುವುದೇ ಸ್ಪ್ಲೈಸಿಂಗ್. ಅದನ್ನು ಮಾಡುವುದು ಸ್ಪ್ಲೈಸಿಯೋಸೋಮ್, ಐದು ಪುಟ್ಟ ಆರ್‌ಎನ್‌ಎಗಳೂ ನೂರಕ್ಕೂ ಹೆಚ್ಚು ಪ್ರೊಟೀನುಗಳೂ ಸೇರಿದ ದೊಡ್ಡ ಕೂಟ.

ಮನುಷ್ಯನ ಜೀನುಗಳಲ್ಲಿ ಎಕ್ಸಾನ್ ಸಾಮಾನ್ಯವಾಗಿ ನೂರೈವತ್ತು ಅಕ್ಷರಗಳ ಆಸುಪಾಸು (ಒಂದೊಂದು ಬೇಸ್ ಒಂದು ಅಕ್ಷರವೆಂದು ಲೆಕ್ಕ). ಇಂಟ್ರಾನ್ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷ ದಾಟುತ್ತದೆ. ಬರೆದದ್ದರಲ್ಲಿ ಬಹುಪಾಲು ಬಿಸಾಡುವುದಕ್ಕೇ ಎಂಬ ವಿಚಿತ್ರ ಏರ್ಪಾಡು.

ಜೀನು ಹೀಗೆ ತುಂಡುತುಂಡಾಗಿದೆ ಎಂದು ಪತ್ತೆಯಾದದ್ದು ಹೇಗೆ?

1977ರಲ್ಲಿ, ನೆಗಡಿಯಂಥ ಸೋಂಕು ತರುವ ಅಡಿನೋವೈರಸ್ಸಿನಲ್ಲಿ. ಅಮೆರಿಕದ ಎಂಐಟಿಯಲ್ಲಿ ಫಿಲಿಪ್ ಶಾರ್ಪ್ ಅವರ ತಂಡ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಸಹೋದ್ಯೋಗಿಗಳು ವೈರಸ್ಸಿನ ಆರ್‌ಎನ್‌ಎಯನ್ನು ಅದರ ಡಿಎನ್‌ಎ ಜೊತೆ ಹೊಂದಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡೂ ಉದ್ದಕ್ಕೂ ಅಂಟಿಕೊಳ್ಳಬೇಕಿತ್ತು. ನಡುನಡುವೆ ಡಿಎನ್‌ಎ ಮಾತ್ರ ಕುಣಿಕೆಯಂತೆ ಹೊರಕ್ಕೆ ಬಾಗಿ ನಿಂತಿತ್ತು. ಅಷ್ಟು ಭಾಗಕ್ಕೆ ಆರ್‌ಎನ್‌ಎಯಲ್ಲಿ ಜೋಡಿಯೇ ಇರಲಿಲ್ಲ. ಮರುವರ್ಷ ವಾಲ್ಟರ್ ಗಿಲ್ಬರ್ಟ್ ಇಂಟ್ರಾನ್, ಎಕ್ಸಾನ್ ಎಂಬ ಹೆಸರುಗಳನ್ನು ಕೊಟ್ಟರು. ಶಾರ್ಪ್ ಮತ್ತು ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಆ ಕುಣಿಕೆಗಳನ್ನು ಕಣ್ಣಾರೆ ಕಂಡು ಚಿತ್ರ ತೆಗೆದವರಲ್ಲಿ ಸೂಸನ್ ಬರ್ಜೆಟ್, ಲೂಯಿಸ್ ಚೌ ಇದ್ದರು. ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಸಿಗುವುದು ಅಪರೂಪ.

ಮೊದಲು ಪೂರ್ತಿ ನಕಲು, ಆಮೇಲೆ ಕತ್ತರಿ. ಹಾಗೇ ಅಲ್ಲವೇ?

ಅಲ್ಲ. ಬಹುಪಾಲು ಇಂಟ್ರಾನುಗಳು ಪಾಲಿಮರೇಸ್ ಇನ್ನೂ ಡಿಎನ್‌ಎ ಮೇಲೆ ಓಡುತ್ತಿರುವಾಗಲೇ ಹೊರಬೀಳುತ್ತವೆ. ನಕಲುಗಾರ ಎರಡನೇ ಪುಟ ಬರೆಯುತ್ತಿರುವಾಗ ತಿದ್ದುವವನು ಪಕ್ಕದಲ್ಲೇ ಕೂತು ಮೊದಲ ಪುಟಕ್ಕೆ ಕತ್ತರಿ ಹಾಕಿರುತ್ತಾನೆ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಆನ್ ಬೇಯರ್ ಮತ್ತು ಇವೊನ್ ಆಸ್‌ಹೈಮ್. ಹಣ್ಣುನೊಣದ ಭ್ರೂಣದಿಂದ ಕ್ರೊಮ್ಯಾಟಿನ್ (ಪ್ರೊಟೀನುಗಳ ಸಮೇತ ಇರುವ ಡಿಎನ್‌ಎ) ತೆಗೆದು, ಗಾಜಿನ ಮೇಲೆ ದಾರ ಹರಡಿದಂತೆ ಬಿಡಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರು. ನಡುವೆ ಡಿಎನ್‌ಎಯ ಒಂದು ಗೆರೆ, ಅದರ ಮೇಲೆ ಸಾಲಾಗಿ ಪಾಲಿಮರೇಸುಗಳು, ಪ್ರತಿಯೊಂದರಿಂದಲೂ ಜೋತುಬಿದ್ದ ಆರ್‌ಎನ್‌ಎ ಎಳೆ. ಜೀನಿನ ಆರಂಭದಲ್ಲಿ ಎಳೆ ಗಿಡ್ಡ, ಮುಂದೆ ಹೋದಂತೆ ಉದ್ದ, ಒಟ್ಟಿನಲ್ಲಿ ಮರದ ಆಕಾರ. ಎಳೆಗಳ ಮೇಲೆ ಮೊದಲು ಎರಡು ಪುಟ್ಟ ಗಂಟು ಕಾಣುತ್ತವೆ. ಸ್ವಲ್ಪ ಮುಂದಿನ ಎಳೆಯಲ್ಲಿ ಎರಡೂ ಗಂಟು ಸೇರಿ ಒಂದಾಗಿ, ನಡುವಿನ ಆರ್‌ಎನ್‌ಎ ಕುಣಿಕೆಯಾಗಿರುತ್ತದೆ. ಇನ್ನೂ ಮುಂದೆ ಕುಣಿಕೆಯೂ ಇಲ್ಲ, ಎಳೆ ಇದ್ದಕ್ಕಿದ್ದಂತೆ ಗಿಡ್ಡ. ಇಂಟ್ರಾನ್ ಹೋಯಿತು, ಪಾಲಿಮರೇಸ್ ಮಾತ್ರ ಡಿಎನ್‌ಎ ಬಿಟ್ಟಿಲ್ಲ. ಈ ಕೆಲಸ ಪ್ರಕಟವಾದದ್ದು 1988ರಲ್ಲಿ. ಅನುಮಾನಪಡುವವರಿಗೆ ನಾನು ಮೊದಲು ತೋರಿಸುವುದು ಈ ಚಿತ್ರಗಳನ್ನೇ.

ಚಿತ್ರ ಬೇಡ, ಲೆಕ್ಕ ಬೇಕು ಎನ್ನುವವರಿಗೆ ಡಿಸ್ಟ್ರೋಫಿನ್ ಜೀನು ಇದೆ. ಸ್ನಾಯುವಿಗೆ ಬೇಕಾದ ಪ್ರೊಟೀನಿನ ಜೀನು ಅದು, ಕೆಟ್ಟರೆ ಡುಷೆನ್ ಸ್ನಾಯುಕ್ಷಯ. ಉದ್ದ ಸುಮಾರು 22 ಲಕ್ಷ ಬೇಸ್, 79 ಎಕ್ಸಾನ್. ಕೊನೆಗೆ ಉಳಿಯುವ ಆರ್‌ಎನ್‌ಎ ಸುಮಾರು 14,000 ಅಕ್ಷರ ಮಾತ್ರ, ಅಂದರೆ ನೂರಕ್ಕೆ ಒಂದು ಪಾಲೂ ಅಲ್ಲ. ಒಂದು ಪಾಲಿಮರೇಸ್ ಇದನ್ನು ಬರೆದು ಮುಗಿಸಲು ಸುಮಾರು 16 ಗಂಟೆ ಬೇಕೆಂದು 1995ರಲ್ಲಿ ಅಳೆದರು. ಬೆಳಿಗ್ಗೆ ಆರಕ್ಕೆ ಶುರುಮಾಡಿದರೆ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತು ಇಡೀ ಉದ್ದದ ಕಚ್ಚಾ ಆರ್‌ಎನ್‌ಎ ಜೋತಾಡಿಕೊಂಡು ಇರುವುದಿಲ್ಲ. ಜೀನಿನ ತುದಿ ಮುಟ್ಟುವ ಎಷ್ಟೋ ಮೊದಲೇ ಆರಂಭದ ಎಕ್ಸಾನುಗಳು ಬೆಸೆದುಹೋಗಿದ್ದವು ಎಂದು ಅದೇ ಅಧ್ಯಯನ ತೋರಿಸಿತು.

ಇಷ್ಟುದ್ದದ ಆರ್‌ಎನ್‌ಎಯಲ್ಲಿ ಎಲ್ಲಿ ಕತ್ತರಿಸಬೇಕು ಎಂದು ಹೇಗೆ ತಿಳಿಯುತ್ತದೆ?

ಗುರುತುಗಳಿವೆ, ಆದರೆ ತೀರಾ ಚಿಕ್ಕವು. ಇಂಟ್ರಾನ್ ಹೆಚ್ಚುಕಡಿಮೆ ಯಾವಾಗಲೂ ಜಿ-ಯು ಎಂಬ ಎರಡು ಅಕ್ಷರಗಳಿಂದ ಶುರುವಾಗಿ ಎ-ಜಿ ಎಂಬ ಎರಡು ಅಕ್ಷರಗಳಲ್ಲಿ ಮುಗಿಯುತ್ತದೆ. ಕೊನೆಯಿಂದ ಸ್ವಲ್ಪ ಹಿಂದೆ ಕವಲಿನ ಎ ಎಂಬ ಇನ್ನೊಂದು ಅಕ್ಷರ ಮುಖ್ಯ.

ಒಂದೇ ಇಂಟ್ರಾನನ್ನು ಹಿಂಬಾಲಿಸೋಣ. ಪಾಲಿಮರೇಸಿನ ಹೊರದಾರಿಯಿಂದ ಆರ್‌ಎನ್‌ಎ ಬರುತ್ತಿದೆ. ಜಿ-ಯು ಗುರುತು ಹೊರಬಿದ್ದ ಕೂಡಲೇ ಸ್ಪ್ಲೈಸಿಯೋಸೋಮಿನ ಯು1 ಎಂಬ ಘಟಕ ಬಂದು ಅದರ ಮೇಲೆ ಕೂರುತ್ತದೆ. ಇಂಟ್ರಾನ್ ಇನ್ನೂ ಮುಗಿದಿಲ್ಲ, ಸಾವಿರಾರು ಅಕ್ಷರ ಬಾಕಿ. ಯು1 ಕಾಯಬೇಕು. ಕವಲಿನ ಎ ಬಂದಾಗ ಯು2 ಅದನ್ನು ಹಿಡಿಯುತ್ತದೆ. ಆಮೇಲೆ ಯು4, ಯು5, ಯು6 ಒಟ್ಟಿಗೇ ಬರುತ್ತವೆ. ಯು1, ಯು4 ಜಾಗ ಖಾಲಿ ಮಾಡುತ್ತವೆ. ಉಳಿದವು ಕೆಲಸ ಮುಗಿಸುತ್ತವೆ: ಇಂಟ್ರಾನಿನ ತಲೆ ಕತ್ತರಿಸಿ ಕವಲಿನ ಎಗೆ ಅಂಟುತ್ತದೆ, ಆಮೇಲೆ ಎಕ್ಸಾನುಗಳೆರಡೂ ಬೆಸೆದು ಇಂಟ್ರಾನ್ ಜೀರುಗಂಟಿನ ಹಗ್ಗದಂತೆ ಬಿಡುಗಡೆಯಾಗುತ್ತದೆ.

ಎರಡಕ್ಷರದ ಗುರುತು ಉದ್ದನೆಯ ಇಂಟ್ರಾನಿನ ಒಳಗೇ ನೂರಾರು ಕಡೆ ಆಕಸ್ಮಿಕವಾಗಿ ಸಿಗುತ್ತದೆ. ಸುಳ್ಳು ಗುರುತುಗಳ ನಡುವೆ ನಿಜವಾದದ್ದನ್ನು ಆರಿಸಲು ಅಕ್ಷರಗಳಷ್ಟೇ ಸಾಲದು. ಪಕ್ಕದಲ್ಲಿ ಕೂರುವ ನೆರವಿನ ಪ್ರೊಟೀನುಗಳು ಬೇಕು, ಆ ಗುರುತು ಎಷ್ಟು ಹೊತ್ತು ಒಂಟಿಯಾಗಿ ಕಂಡಿತು ಎಂಬುದೂ ಬೇಕು.

ಪಾಲಿಮರೇಸಿಗೆ "ಬಾಲ" ಇದೆ ಎನ್ನುತ್ತಾರಲ್ಲ, ಅದರ ಕೆಲಸವೇನು?

ಇಡೀ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನ ಭಾಗ ಇದು. ಪಾಲಿಮರೇಸ್ 2ರ ಅತಿ ದೊಡ್ಡ ಪ್ರೊಟೀನಿನ ಕೊನೆಯಲ್ಲಿ ಸಡಿಲವಾಗಿ ತೂಗಾಡುವ ಉದ್ದನೆಯ ಬಾಲವಿದೆ. ಸಿಟಿಡಿ ಎನ್ನುತ್ತಾರೆ. ಟೈರೋಸಿನ್, ಸೆರಿನ್, ಪ್ರೋಲಿನ್, ಥ್ರಿಯೋನಿನ್, ಸೆರಿನ್, ಪ್ರೋಲಿನ್, ಸೆರಿನ್ ಎಂಬ ಏಳು ಅಮೈನೋ ಆಮ್ಲಗಳ ಒಂದೇ ಪಲ್ಲವಿ ಮತ್ತೆ ಮತ್ತೆ. ಯೀಸ್ಟಿನಲ್ಲಿ 26 ಸಲ, ಮನುಷ್ಯನಲ್ಲಿ 52 ಸಲ. ಸಣ್ಣಪುಟ್ಟ ಅಕ್ಷರಭೇದ ಅಲ್ಲಲ್ಲಿ ಇರುತ್ತದೆ.

ಈ ಬಾಲ ಆರ್‌ಎನ್‌ಎ ಬರೆಯುವುದಿಲ್ಲ. ಬರೆಯುವವನ ಜೊತೆ ಬರಬೇಕಾದವರೆಲ್ಲ ಹಿಡಿದುಕೊಳ್ಳುವ ಹಗ್ಗ ಅದು. ಯಾರು ಯಾವಾಗ ಹಿಡಿಯಬೇಕು ಎಂಬುದನ್ನು ಅದರ ಮೇಲೆ ಬೀಳುವ ಫಾಸ್ಫೇಟ್ ಗುರುತುಗಳು ಹೇಳುತ್ತವೆ. ಜೀನಿನ ಆರಂಭದಲ್ಲಿ ಐದನೇ ಸ್ಥಾನದ ಸೆರಿನ್ ಮೇಲೆ ಫಾಸ್ಫೇಟ್ ಬೀಳುತ್ತದೆ. ಅದನ್ನು ನೋಡಿ ಆರ್‌ಎನ್‌ಎಯ ತಲೆಗೆ ಟೊಪ್ಪಿ (ಕ್ಯಾಪ್ ಎಂಬ ರಾಸಾಯನಿಕ ಮುಚ್ಚಳ) ಹಾಕುವ ಕಿಣ್ವ ಬರುತ್ತದೆ. ಆಗ ಹೊರಬಂದ ಆರ್‌ಎನ್‌ಎ ಇಪ್ಪತ್ತು ಮೂವತ್ತು ಅಕ್ಷರ, ಅಷ್ಟೇ. ಮುಂದೆ ಹೋದಂತೆ ಎರಡನೇ ಸ್ಥಾನದ ಸೆರಿನ್ ಮೇಲಿನ ಗುರುತು ಹೆಚ್ಚುತ್ತದೆ. ಆರ್‌ಎನ್‌ಎಯ ಕೊನೆಯ ತುದಿ ಕತ್ತರಿಸಿ ಅಲ್ಲಿಗೆ ಎ-ಬಾಲ (ಎ ಅಕ್ಷರಗಳ ಸಾಲು) ಸೇರಿಸುವ ತಂಡ ಅದನ್ನು ನೆಚ್ಚಿಕೊಳ್ಳುತ್ತದೆ. ಸ್ಪ್ಲೈಸಿಂಗ್ ಘಟಕಗಳಿಗೂ ಅವುಗಳ ನೆರವಿನ ಪ್ರೊಟೀನುಗಳಿಗೂ ಈ ಗುರುತು ಬಿದ್ದ ಬಾಲವೇ ನೆಲೆ.

ಬಾಲ ಕತ್ತರಿಸಿದರೆ ಏನಾಗುತ್ತದೆ ಎಂದೂ ನೋಡಿದ್ದಾರೆ. 1997ರ ಪ್ರಯೋಗದಲ್ಲಿ ಮೊಟಕು ಬಾಲದ ಪಾಲಿಮರೇಸ್ ಆರ್‌ಎನ್‌ಎ ಬರೆಯಿತು, ಆದರೆ ಟೊಪ್ಪಿ, ಸ್ಪ್ಲೈಸಿಂಗ್, ಕೊನೆಯ ಕತ್ತರಿ ಮೂರೂ ಹದಗೆಟ್ಟವು.

ಈಚೆಗೆ ಸೇರಿದ ಇನ್ನೊಂದು ಮಾತು: ಫಾಸ್ಫೇಟ್ ಇಲ್ಲದ ಬಾಲ ಟ್ರಾನ್ಸ್‌ಕ್ರಿಪ್ಷನ್ ಶುರುಮಾಡುವ ಪ್ರೊಟೀನುಗಳು ಒಟ್ಟುಗೂಡಿ ಆದ ಹನಿಯೊಳಗೆ ಸೇರಲು ಒಲವು ತೋರುತ್ತದೆ, ಫಾಸ್ಫೇಟ್ ಬಿದ್ದ ಬಾಲ ಸ್ಪ್ಲೈಸಿಂಗ್ ಪ್ರೊಟೀನುಗಳ ಹನಿಯ ಕಡೆ ಜಾರುತ್ತದೆ ಎಂದು 2019ರಲ್ಲಿ ತೋರಿಸಿದರು. ಹನಿಗಳ ಬಗ್ಗೆ ಉತ್ಸಾಹ ಬಹಳ, ವಾದವೂ ಬಹಳ. ನಾನು ಉತ್ಸಾಹಿಗಳ ಕಡೆಗೆ ಅರ್ಧ ಹೆಜ್ಜೆ ಮಾತ್ರ ಇಟ್ಟಿದ್ದೇನೆ.

ಸ್ಪ್ಲೈಸಿಂಗ್ ಯಂತ್ರ ಪಾಲಿಮರೇಸನ್ನು ನೇರವಾಗಿ ಮುಟ್ಟುತ್ತದೆಯೇ?

ಮುಟ್ಟುತ್ತದೆ. 2021ರಲ್ಲಿ ಪ್ಯಾಟ್ರಿಕ್ ಕ್ರೇಮರ್ ಅವರ ತಂಡ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇದರ ರಚನೆಯನ್ನೇ ತೆಗೆಯಿತು. ಯು1 ಘಟಕದ ಒಂದು ಪ್ರೊಟೀನು ಪಾಲಿಮರೇಸಿನ ಮೈಗೇ ಒರಗಿ ನಿಂತಿದೆ, ಅದೂ ಆರ್‌ಎನ್‌ಎ ಹೊರಬರುವ ದಾರಿಯ ಹತ್ತಿರ. ಬಾಗಿಲಲ್ಲೇ ಕಾವಲು ನಿಂತ ಹಾಗೆ.

ಇದರಿಂದ ಹಿಂದಿನ ಉತ್ತರದ ಒಂದು ತೊಡಕು ಸಡಿಲವಾಗುತ್ತದೆ. ಇಂಟ್ರಾನ್ ಐವತ್ತು ಸಾವಿರ ಅಕ್ಷರವಿದ್ದರೆ ಅದರ ತಲೆ, ಬಾಲ ಒಂದನ್ನೊಂದು ಹುಡುಕಿಕೊಳ್ಳುವುದು ಹೇಗೆ? ತಲೆಯನ್ನು ಹಿಡಿದ ಯು1 ಪಾಲಿಮರೇಸಿಗೇ ಅಂಟಿಕೊಂಡು ಜೊತೆಗೆ ಸಾಗಿದರೆ ಇಂಟ್ರಾನ್ ಎಷ್ಟೇ ಉದ್ದವಿರಲಿ, ನಡುವೆ ಕುಣಿಕೆಯಾಗಿ ಬೆಳೆಯುತ್ತದೆ. ಬಾಲ ಹೊರಬಂದಾಗ ತಲೆ ಪಕ್ಕದಲ್ಲೇ ಇರುತ್ತದೆ. ಹುಡುಕಾಟವೇ ಬೇಡ.

ಪಾಲಿಮರೇಸಿನ ವೇಗಕ್ಕೂ ಸ್ಪ್ಲೈಸಿಂಗಿಗೂ ಏನು ಸಂಬಂಧ?

ತುಂಬಾ. ಪಾಲಿಮರೇಸ್ 2 ನಿಮಿಷಕ್ಕೆ ಒಂದರಿಂದ ನಾಲ್ಕು ಸಾವಿರ ಅಕ್ಷರ ಬರೆಯುತ್ತದೆ. ಜೀನಿನಿಂದ ಜೀನಿಗೆ, ಒಂದೇ ಜೀನಿನೊಳಗೂ ಜಾಗದಿಂದ ಜಾಗಕ್ಕೆ ಇದು ಬದಲಾಗುತ್ತದೆ.

ಮೂರು ಎಕ್ಸಾನುಗಳ ಜೀನೊಂದನ್ನು ಊಹಿಸಿಕೊಳ್ಳಿ. ನಡುವಿನ ಎಕ್ಸಾನಿನ ಗುರುತು ದುರ್ಬಲ, ಮೂರನೆಯದರದ್ದು ಗಟ್ಟಿ. ಪಾಲಿಮರೇಸ್ ಓಡಿದರೆ ದುರ್ಬಲ ಗುರುತು ಹೊರಬಂದು ಯಾರ ಕಣ್ಣಿಗೂ ಬೀಳುವ ಮೊದಲೇ ಗಟ್ಟಿ ಗುರುತೂ ಬಂದುಬಿಡುತ್ತದೆ. ಪೈಪೋಟಿಯಲ್ಲಿ ಗಟ್ಟಿಯದ್ದೇ ಗೆಲುವು, ನಡುವಿನ ಎಕ್ಸಾನ್ ಇಂಟ್ರಾನಿನ ಜೊತೆ ಕಸಕ್ಕೆ. ಪಾಲಿಮರೇಸ್ ನಿಧಾನಿಸಿದರೆ ದುರ್ಬಲ ಗುರುತಿಗೆ ಸ್ವಲ್ಪ ಹೊತ್ತು ಎದುರಾಳಿಯೇ ಇಲ್ಲ. ಆ ಅವಕಾಶದಲ್ಲಿ ಅದು ಸೀಟು ಹಿಡಿದುಬಿಡುತ್ತದೆ.

ಊಹೆ ಚೆಂದ, ಪರೀಕ್ಷೆ ಹೇಗೆ? ಜೀವಕೋಶದಲ್ಲಿ ಅದರದ್ದೇ ಪಾಲಿಮರೇಸ್ ಇರುವಾಗ ನಿಧಾನದ್ದನ್ನು ಮಾತ್ರ ಗಮನಿಸುವುದು ಸುಲಭವಲ್ಲ. ಬ್ಯೂನಸ್ ಐರಿಸ್‌ನ ಆಲ್ಬರ್ಟೊ ಕಾರ್ನ್‌ಬ್ಲಿಟ್ ಅವರ ತಂಡ ಇಲ್ಲಿ ಅಣಬೆಯ ವಿಷವನ್ನು ಬಳಸಿತು. ಆಲ್ಫಾ-ಅಮಾನಿಟಿನ್ ಪಾಲಿಮರೇಸ್ 2ನ್ನು ಕೊಲ್ಲುತ್ತದೆ. ಆ ವಿಷಕ್ಕೆ ಬಗ್ಗದಂತೆ ಮಾರ್ಪಡಿಸಿದ ಪಾಲಿಮರೇಸನ್ನು ಜೀವಕೋಶಕ್ಕೆ ಸೇರಿಸಿ ಆಮೇಲೆ ವಿಷ ಹಾಕಿದರೆ, ಕೆಲಸ ಮಾಡುವುದು ಹೊರಗಿನಿಂದ ಬಂದದ್ದು ಮಾತ್ರ. ವಿಷ ತಡೆಯುವ ಪಾಲಿಮರೇಸಿನಲ್ಲೇ ಇನ್ನೊಂದು ಅಮೈನೋ ಆಮ್ಲ ಬದಲಿಸಿ ಅದನ್ನು ನಿಧಾನಗೊಳಿಸಿದರು. ಆ ಬದಲಾವಣೆ ಮೊದಲು ಹಣ್ಣುನೊಣದಲ್ಲಿ ಸಿಕ್ಕಿದ್ದು. 2003ರಲ್ಲಿ ಬಂದ ಫಲಿತಾಂಶ: ನಿಧಾನದ ಪಾಲಿಮರೇಸ್ ಇದ್ದಾಗ ಫೈಬ್ರೊನೆಕ್ಟಿನ್ ಜೀನಿನ ಒಂದು ಐಚ್ಛಿಕ ಎಕ್ಸಾನ್ (ಕೆಲವೊಮ್ಮೆ ಉಳಿಯುವ, ಕೆಲವೊಮ್ಮೆ ಬಿಟ್ಟುಹೋಗುವ ತುಂಡು) ಹೆಚ್ಚು ಸಲ ಉಳಿಯಿತು. ಡಿಎನ್‌ಎ ಅಕ್ಷರ ಒಂದೂ ಬದಲಾಗಿಲ್ಲ, ಬದಲಾದದ್ದು ಬರೆಯುವವನ ವೇಗ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವ ಜಾಗ. ಮೊದಲು ಸೀಟು ಹಿಡಿಯುವುದು ಬೇರೆ, ಮೊದಲು ಕತ್ತರಿಸಿಕೊಳ್ಳುವುದು ಬೇರೆ. ಅದೇ ಫೈಬ್ರೊನೆಕ್ಟಿನ್ ಎಕ್ಸಾನಿನ ಎಡಬಲದ ಇಂಟ್ರಾನುಗಳಲ್ಲಿ ಮೊದಲು ಹೊರಬೀಳುವುದು ನಂತರ ಬರೆದದ್ದು. ಎಕ್ಸಾನ್ ಉಳಿಯಬೇಕೋ ಬೇಡವೋ ಎಂಬ ನಿರ್ಧಾರ ಮೊದಲು ಆಗುತ್ತದೆ, ಕತ್ತರಿ ತನ್ನ ಸಮಯಕ್ಕೆ ಬರುತ್ತದೆ.

ಹಾಗಾದರೆ ನಿಧಾನವೇ ಪ್ರಧಾನವೋ? ನಿಧಾನಿಸಿದಷ್ಟೂ ಎಕ್ಸಾನ್ ಉಳಿಯುತ್ತದೆಯೇ?

ಇಲ್ಲ. ಈ ಸೂತ್ರವನ್ನು ಬಾಯಿಪಾಠ ಮಾಡಬೇಡಿ. ಸಿಎಫ್‌ಟಿಆರ್ ಜೀನಿನ (ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ) 9ನೇ ಎಕ್ಸಾನ್ ಉಲ್ಟಾ ಹೊಡೆಯುತ್ತದೆ. ಅಲ್ಲಿ ಪಾಲಿಮರೇಸ್ ನಿಧಾನಿಸಿದರೆ ಸಿಗುವ ಹೆಚ್ಚುವರಿ ಸಮಯವನ್ನು ಬಳಸಿಕೊಳ್ಳುವುದು ಆ ಎಕ್ಸಾನನ್ನು ತಡೆಯುವ ಪ್ರೊಟೀನು. ಅದು ಬಂದು ಕೂತರೆ ಎಕ್ಸಾನ್ ಬಿಟ್ಟುಹೋಗುತ್ತದೆ. ಸಮಯ ಎಲ್ಲರಿಗೂ ಒಂದೇ, ಅದನ್ನು ಯಾರು ಬಳಸಿಕೊಂಡರು ಎಂಬುದರ ಮೇಲೆ ಫಲ.

ಇನ್ನೊಂದು ತಂಡ 2014ರಲ್ಲಿ ನಿಧಾನದ ಪಾಲಿಮರೇಸನ್ನೂ ವೇಗದ್ದನ್ನೂ ಜೊತೆಗಿಟ್ಟು ಇಡೀ ಜೀನೋಮಿನಲ್ಲಿ ಹೋಲಿಸಿತು. ಎಷ್ಟೋ ಎಕ್ಸಾನುಗಳಲ್ಲಿ ವೇಗ ಹೆಚ್ಚಾದರೂ ಕಡಿಮೆಯಾದರೂ ಬದಲಾವಣೆ ಒಂದೇ ದಿಕ್ಕಿಗೆ. ಅವುಗಳಿಗೆ ಬೇಕಾದದ್ದು ಹದವಾದ ವೇಗ.

ಆ ವೇಗವನ್ನು ನಿರ್ಧರಿಸುವವರು ಯಾರು?

ಮೊದಲನೆಯದಾಗಿ ದಾರಿಯೇ. ಡಿಎನ್‌ಎ ಬೋಳು ಎಳೆಯಲ್ಲ, ಹಿಸ್ಟೋನ್ ಎಂಬ ಪ್ರೊಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಗೆ ಸುಮಾರು 147 ಬೇಸ್ ಜೋಡಿ, ಅಂದರೆ ಹೆಚ್ಚುಕಡಿಮೆ ಒಂದು ಎಕ್ಸಾನಿನಷ್ಟೇ ಉದ್ದ. ಇಂಟ್ರಾನುಗಳಿಗಿಂತ ಎಕ್ಸಾನುಗಳ ಮೇಲೆ ಈ ಉಂಡೆಗಳು ದಟ್ಟವಾಗಿರುತ್ತವೆ ಎಂದು 2009ರ ಸುಮಾರಿಗೆ ಹಲವು ತಂಡಗಳು ಕಂಡವು. ಎಕ್ಸಾನ್ ಬಂದಲ್ಲೆಲ್ಲ ರಸ್ತೆಯುಬ್ಬು.

ಎರಡನೆಯದಾಗಿ, ಅಡ್ಡ ನಿಲ್ಲುವ ಪ್ರೊಟೀನುಗಳು. ಬಿಳಿ ರಕ್ತಕಣಗಳ ಸಿಡಿ45 ಜೀನಿನಲ್ಲಿ 5ನೇ ಎಕ್ಸಾನಿನ ಬಳಿ ಸಿಟಿಸಿಎಫ್ ಎಂಬ ಪ್ರೊಟೀನು ಡಿಎನ್‌ಎ ಮೇಲೆ ಕೂತರೆ ಪಾಲಿಮರೇಸ್ ಅಲ್ಲಿ ತಡವರಿಸುತ್ತದೆ, ಎಕ್ಸಾನ್ ಉಳಿಯುತ್ತದೆ. ಅದೇ ಜಾಗದಲ್ಲಿ ಡಿಎನ್‌ಎ ಮೇಲೆ ಮೀಥೈಲ್ ಗುರುತು ಬಿದ್ದರೆ ಸಿಟಿಸಿಎಫ್‌ಗೆ ಕೂರಲಾಗದು, ಎಕ್ಸಾನ್ ಹೋಗುತ್ತದೆ. ಡಿಎನ್‌ಎ ಮೇಲಿನ ಒಂದು ರಾಸಾಯನಿಕ ಗುರುತು ಆರ್‌ಎನ್‌ಎಯ ಸ್ಪ್ಲೈಸಿಂಗನ್ನು ಬದಲಿಸುವುದು ಎಂದರೆ ಹಳೆಯ ಮೂರು ಬಾಣಗಳ ಚಿತ್ರಕ್ಕೆ ಅರ್ಥವೇ ಆಗದ ಮಾತು.

ಮೂರನೆಯದು ಹೊರಗಿನ ಪ್ರಪಂಚ. ಅತಿನೇರಳೆ ಕಿರಣ ತಗುಲಿ ಡಿಎನ್‌ಎಗೆ ಪೆಟ್ಟಾದರೆ ಪಾಲಿಮರೇಸಿನ ಬಾಲದ ಮೇಲೆ ಫಾಸ್ಫೇಟ್ ವಿಪರೀತವಾಗಿ ಬಿದ್ದು ಓಟ ನಿಧಾನವಾಗುತ್ತದೆ. ಜೀವಕೋಶ ಬದುಕಬೇಕೋ ಸಾಯಬೇಕೋ ಎಂದು ತೀರ್ಮಾನಿಸುವ ಜೀನುಗಳ ಸ್ಪ್ಲೈಸಿಂಗ್ ಆಗ ಬದಲಾಗುತ್ತದೆ. ಸಸ್ಯಗಳಲ್ಲಂತೂ ಬೆಳಕೇ ಕೈಯಾಡಿಸುತ್ತದೆ. ಬೆಳಕಿದ್ದಾಗ ಪಾಲಿಮರೇಸ್ ಬೇಗ ಓಡುತ್ತದೆ, ಕತ್ತಲಲ್ಲಿ ನಿಧಾನ. ಅದಕ್ಕೆ ತಕ್ಕಂತೆ ಎಷ್ಟೋ ಜೀನುಗಳ ಸ್ಪ್ಲೈಸಿಂಗ್ ಬದಲಾಗುತ್ತದೆ. ಬೆಳಕಿನ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸುವುದು ಕ್ಲೋರೋಪ್ಲಾಸ್ಟ್.

ಉಲ್ಟಾ ಆಗುತ್ತದೆಯೇ? ಸ್ಪ್ಲೈಸಿಂಗ್ ಟ್ರಾನ್ಸ್‌ಕ್ರಿಪ್ಷನ್ನಿನ ಮೇಲೆ ಪ್ರಭಾವ ಬೀರುತ್ತದೆಯೇ?

ಬೀರುತ್ತದೆ. ಜೀನನ್ನು ಪ್ರಯೋಗಕ್ಕಾಗಿ ಜೋಡಿಸುವವರಿಗೆ ಇದು ಹಳೆಯ ಅನುಭವ: ಇಂಟ್ರಾನುಗಳನ್ನೆಲ್ಲ ಕಿತ್ತು ನೀಟಾದ ಜೀನು ಕೊಟ್ಟರೆ ಪ್ರೊಟೀನು ಕಡಿಮೆ ಬರುತ್ತದೆ, ಒಂದು ಇಂಟ್ರಾನ್ ಸೇರಿಸಿದರೆ ಚೇತರಿಸಿಕೊಳ್ಳುತ್ತದೆ. ಜೀನು ಸೇರಿಸಿದ ಇಲಿಗಳಲ್ಲಿ ಇಂಟ್ರಾನ್ ಇದ್ದರೆ ಟ್ರಾನ್ಸ್‌ಕ್ರಿಪ್ಷನ್ನೇ ಹೆಚ್ಚಾಗುತ್ತದೆ ಎಂದು 1988ರಲ್ಲೇ ತೋರಿಸಿದ್ದರು.

ಯು1ಗೆ ಇನ್ನೊಂದು ಉದ್ಯೋಗವೂ ಇದೆ. ಇಂಟ್ರಾನುಗಳ ಒಳಗೆ "ಇಲ್ಲಿ ಮುಗಿಸು" ಎಂಬ ಅರ್ಥ ಬರುವ ಸುಳ್ಳು ಸಂಕೇತಗಳು ಬೇಕಾದಷ್ಟಿವೆ. 2010ರಲ್ಲಿ ಗಿಡಿಯೋನ್ ಡ್ರೇಫಸ್ ಅವರ ತಂಡ ಯು1ನ್ನು ಕಟ್ಟಿಹಾಕಿ ನೋಡಿತು. ಸ್ಪ್ಲೈಸಿಂಗ್ ಕೆಡುವುದು ನಿರೀಕ್ಷಿತವೇ. ಅದರ ಜೊತೆಗೆ ಸಾವಿರಾರು ಜೀನುಗಳ ಆರ್‌ಎನ್‌ಎ ಅರ್ಧದಾರಿಯಲ್ಲೇ, ಎಷ್ಟೋ ಸಲ ಆರಂಭದ ಹತ್ತಿರವೇ, ತುಂಡಾಗಿ ಮುಗಿದುಹೋಯಿತು. ಜೀವಕೋಶದಲ್ಲಿ ಯು1 ಸಂಖ್ಯೆ ಜೊತೆಗಾರರಿಗಿಂತ ಹೆಚ್ಚಿರುವುದೇಕೆ ಎಂಬ ಹಳೆಯ ಒಗಟಿಗೆ ಇದೊಂದು ಒಳ್ಳೆಯ ಉತ್ತರ.

ಹಿಸ್ಟೋನುಗಳ ಮೇಲೂ ಸ್ಪ್ಲೈಸಿಂಗಿನ ಅಚ್ಚು ಬೀಳುತ್ತದೆ. ಪಾಲಿಮರೇಸಿನ ಜೊತೆ ಸಾಗುತ್ತಾ ಹಿಸ್ಟೋನ್ ಎಚ್3ರ 36ನೇ ಲೈಸಿನ್ ಮೇಲೆ ಮೀಥೈಲ್ ಗುರುತು ಹಾಕುವ ಕಿಣ್ವವೊಂದಿದೆ. ಸ್ಪ್ಲೈಸಿಂಗ್ ತಡೆದರೆ ಆ ಗುರುತು ಬೀಳುವ ರೀತಿಯೇ ಬದಲಾಗುತ್ತದೆ. ಅದೇ ಗುರುತು ಕೆಲವು ಜೀನುಗಳಲ್ಲಿ ಸ್ಪ್ಲೈಸಿಂಗ್ ಪ್ರೊಟೀನುಗಳನ್ನು ಕರೆತರುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸಲು ಹೋದವರು ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬರುತ್ತಾರೆ.

ಜೀನಿನ ಕೊನೆಯಲ್ಲಿ ಏನು ನಡೆಯುತ್ತದೆ?

ಕೊನೆಯ ಎಕ್ಸಾನಿಗೆ ಬಲಗಡೆ ಇಂಟ್ರಾನ್ ಇಲ್ಲ. ಅದರ ಬಲಗಡಿಯನ್ನು ಗುರುತಿಸುವುದು ಎ-ಬಾಲ ಸೇರಿಸುವ ತಂಡ. ಆದ್ದರಿಂದ ಕೊನೆಯ ಇಂಟ್ರಾನ್ ತೆಗೆಯುವುದೂ ತುದಿ ಕತ್ತರಿಸುವುದೂ ಒಂದಕ್ಕೊಂದು ಆಸರೆ, ಒಂದು ಕೆಟ್ಟರೆ ಇನ್ನೊಂದೂ ಕುಂಟುತ್ತದೆ. ತುದಿ ಕತ್ತರಿಸಿದ ಮೇಲೂ ಪಾಲಿಮರೇಸ್ ಸುಮ್ಮನೆ ಮುಂದೆ ಓಡುತ್ತಿರುತ್ತದೆ. ಹಿಂದೆ ಉಳಿದ ಆರ್‌ಎನ್‌ಎ ತುಂಡನ್ನು ಒಂದು ಕಿಣ್ವ ತಿನ್ನುತ್ತಾ ಅಟ್ಟಿಸಿಕೊಂಡು ಬಂದು ಪಾಲಿಮರೇಸನ್ನು ಡಿಎನ್‌ಎಯಿಂದ ಕೆಡವಲು ನೆರವಾಗುತ್ತದೆ.

ಇಂಟ್ರಾನ್ ಹೊರಬೀಳಲು ನಿಜಕ್ಕೂ ಎಷ್ಟು ಹೊತ್ತು ಬೇಕು?

ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ, ಈ ಕ್ಷೇತ್ರದಲ್ಲಿ ಜಗಳ ಇರುವುದೇ ಇಲ್ಲಿ. ಯೀಸ್ಟಿನಲ್ಲಿ 2016ರ ಅಳತೆಯ ಪ್ರಕಾರ ಇಂಟ್ರಾನ್ ಮುಗಿದು ಪಾಲಿಮರೇಸ್ ಇನ್ನು ನಲವತ್ತೈದು ಅಕ್ಷರ ಮುಂದೆ ಹೋಗುವಷ್ಟರಲ್ಲಿ ಅರ್ಧದಷ್ಟು ಸ್ಪ್ಲೈಸಿಂಗ್ ಮುಗಿದಿರುತ್ತದೆ. ಅಂದರೆ ಇಂಟ್ರಾನ್ ಬಾಗಿಲು ದಾಟಿದ್ದೇ ತಡ. ಮನುಷ್ಯನ ಜೀವಕೋಶಗಳಲ್ಲಿ ನ್ಯಾನೋಪೋರ್ ವಿಧಾನದಿಂದ ಉದ್ದನೆಯ ಹೊಸ ಆರ್‌ಎನ್‌ಎಗಳನ್ನೇ ಓದಿದಾಗ ಸ್ಪ್ಲೈಸಿಂಗ್ ಆಗುವಷ್ಟರಲ್ಲಿ ಪಾಲಿಮರೇಸ್ ಎರಡರಿಂದ ನಾಲ್ಕು ಸಾವಿರ ಅಕ್ಷರ ಮುಂದೆ ಹೋಗಿತ್ತು. ಇಲಿಯ ಕೆಂಪು ರಕ್ತಕಣಗಳ ಮೂಲಕೋಶಗಳಲ್ಲಿ ಅಳೆದವರಿಗೆ ಕೆಲವು ನೂರು ಅಕ್ಷರಗಳೇ ಸಿಕ್ಕವು. ವಿಧಾನ ಬೇರೆ, ಜೀವಕೋಶ ಬೇರೆ. ನನ್ನ ಮಟ್ಟಿಗೆ ಒಂದೇ ಸಂಖ್ಯೆ ಹುಡುಕುವುದು ವ್ಯರ್ಥ ಪ್ರಯಾಸ. ಬರೆದ ಕ್ರಮದಲ್ಲೇ ಇಂಟ್ರಾನುಗಳು ಹೋಗಬೇಕೆಂದೂ ಇಲ್ಲ. ಎರಡನೆಯದು ಮೊದಲನೆಯದಕ್ಕಿಂತ ಮುಂಚೆ ಹೊರಬೀಳುವುದು ಮಾಮೂಲು.

ಟ್ರಾನ್ಸ್‌ಕ್ರಿಪ್ಷನ್ ಇಲ್ಲದೆ ಸ್ಪ್ಲೈಸಿಂಗ್ ಆಗುವುದೇ ಇಲ್ಲವೇ?

ಆಗುತ್ತದೆ. ಮೊದಲೇ ತಯಾರಿಸಿದ ಆರ್‌ಎನ್‌ಎಯನ್ನು ಕೋಶಕೇಂದ್ರದ ಸಾರಕ್ಕೆ ಹಾಕಿದರೆ ಪ್ರನಾಳದಲ್ಲೂ ಸ್ಪ್ಲೈಸಿಂಗ್ ನಡೆಯುತ್ತದೆ. ಅದರ ರಸಾಯನಶಾಸ್ತ್ರವನ್ನು ಕಲಿತದ್ದೇ ಹಾಗೆ. ಎರಡನ್ನೂ ಜೋಡಿಸಿದಾಗ ಕೆಲಸ ಚುರುಕೂ ನಿಖರವೂ ಆಗುತ್ತದೆ, ಆಯ್ಕೆಗಳು ಬದಲಾಗುತ್ತವೆ. ವೈರಸ್ಸಿನ ಟಿ7 ಪಾಲಿಮರೇಸಿಗೆ ಇಂಥ ಬಾಲವಿಲ್ಲ. ಅದು ಬರೆದ ಆರ್‌ಎನ್‌ಎಯ ಸ್ಪ್ಲೈಸಿಂಗ್ ಸೊರಗುತ್ತದೆ.

ಜೀವಕೋಶದ ಒಳಗೂ ಬೇಕೆಂದೇ ತಡ ಮಾಡುವ ಇಂಟ್ರಾನುಗಳಿವೆ. ಆರ್‌ಎನ್‌ಎ ಡಿಎನ್‌ಎಯಿಂದ ಬಿಡುಗಡೆಯಾಗಿ, ಎ-ಬಾಲವೂ ಸೇರಿ, ಒಂದೋ ಎರಡೋ ಇಂಟ್ರಾನ್ ಉಳಿಸಿಕೊಂಡು ಕೋಶಕೇಂದ್ರದಲ್ಲೇ ಕಾಯುತ್ತದೆ. ನರಕೋಶಗಳಲ್ಲಿ ಚಟುವಟಿಕೆಯ ಸಂಕೇತ ಬಂದಾಗ ಅಂಥ ಕೆಲವು ಆರ್‌ಎನ್‌ಎಗಳು ಉಳಿದ ಇಂಟ್ರಾನನ್ನು ಕಳಚಿ ಹೊರಡುತ್ತವೆ. ಹೊಸದಾಗಿ ಬರೆಯಲು ಗಂಟೆಗಟ್ಟಲೆ ಹಿಡಿಯುವ ಉದ್ದನೆಯ ಜೀನುಗಳಿಗೆ ಇದು ಜಾಣ ಉಪಾಯ.

ಬ್ಯಾಕ್ಟೀರಿಯಾಗಳಲ್ಲಿ?

ಸ್ಪ್ಲೈಸಿಯೋಸೋಮ್ ಇಲ್ಲ. ಕೋಶಕೇಂದ್ರವೂ ಇಲ್ಲದ್ದರಿಂದ ಅಲ್ಲಿ ಪಾಲಿಮರೇಸಿನ ಬೆನ್ನಿಗೇ ರೈಬೋಸೋಮು ಬಿದ್ದು ಪ್ರೊಟೀನು ಮಾಡುತ್ತದೆ. ಜೋಡಿ ಬೇರೆ, ಏರ್ಪಾಡು ಅದೇ.

ಇದೆಲ್ಲ ರೋಗ, ಔಷಧಿಗೆ ಸಂಬಂಧಪಟ್ಟದ್ದೇ?

ಒಂದೇ ಉದಾಹರಣೆ ಸಾಕು. ಬೆನ್ನುಹುರಿಯ ನರಕೋಶಗಳು ಸಾಯುತ್ತಾ ಹೋಗಿ ಮಕ್ಕಳ ಸ್ನಾಯುಗಳು ಸೋಲುವ ರೋಗಕ್ಕೆ ಎಸ್‌ಎಂಎ ಎನ್ನುತ್ತಾರೆ. ಎಸ್‌ಎಂಎನ್1 ಎಂಬ ಜೀನು ಇಲ್ಲದಿರುವುದು ಅಥವಾ ಕೆಟ್ಟಿರುವುದು ಕಾರಣ. ಮನುಷ್ಯರಲ್ಲಿ ಅದರ ಜೋಡಿ ಎಸ್‌ಎಂಎನ್2 ಇದೆ, ಆದರೆ ಅದರ 7ನೇ ಎಕ್ಸಾನಿನ ಒಂದು ಅಕ್ಷರ ಸಿ ಬದಲು ಟಿ ಆಗಿರುವುದರಿಂದ ಆ ಎಕ್ಸಾನ್ ಬಹುಪಾಲು ಬಿಟ್ಟುಹೋಗುತ್ತದೆ. ಪಕ್ಕದ ಇಂಟ್ರಾನಿನಲ್ಲಿರುವ ಒಂದು ತಡೆ-ಗುರುತನ್ನು ಮುಚ್ಚಿ 7ನೇ ಎಕ್ಸಾನನ್ನು ಉಳಿಸುವ, ಅಕ್ಷರಗಳ ಪುಟ್ಟ ಕೃತಕ ಎಳೆಯೇ ನುಸಿನರ್ಸೆನ್. 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಿ.

ಇಲ್ಲಿಯವರೆಗೆ ಇದು ಬರೀ ಸ್ಪ್ಲೈಸಿಂಗಿನ ಕಥೆ. 2022ರಲ್ಲಿ ಕಾರ್ನ್‌ಬ್ಲಿಟ್ ಅವರ ತಂಡವೂ ಜೊತೆಗಾರರೂ ಇನ್ನೊಂದು ಮುಖ ತೋರಿಸಿದರು. ಆ ಔಷಧಿಯ ಎಳೆ ಆರ್‌ಎನ್‌ಎಯನ್ನು ಹಿಡಿಯುವುದರ ಜೊತೆಗೆ ಆ ಜೀನಿನ ಹಿಸ್ಟೋನುಗಳ ಮೇಲೆ ಬಿಗಿತದ ಗುರುತನ್ನೂ ತರುತ್ತದೆ. ದಾರಿ ಬಿಗಿಯಾದರೆ ಪಾಲಿಮರೇಸ್ ನಿಧಾನ. ಈ ಎಕ್ಸಾನ್ ಉಳಿಯಲು ಬೇಕಾದದ್ದು ವೇಗ. ಔಷಧಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತಿತ್ತು. ಕ್ರೊಮ್ಯಾಟಿನ್ ಸಡಿಲಿಸುವ ವ್ಯಾಲ್ಪ್ರೋಯಿಕ್ ಆಮ್ಲವನ್ನು ಜೊತೆಗೆ ಕೊಟ್ಟಾಗ ರೋಗವಿರುವ ಇಲಿಗಳಲ್ಲಿ ಪರಿಣಾಮ ಹೆಚ್ಚಿತು. ಇದು ಇಲಿಗಳಲ್ಲಿ ಕಂಡದ್ದು. ಯಾರೂ ಇದನ್ನು ಓದಿ ಮನೆಯಲ್ಲಿ ಔಷಧಿ ಬೆರೆಸಲು ಹೋಗಬಾರದು.

ವಯಸ್ಸಾಗುವುದಕ್ಕೂ ಇದಕ್ಕೂ ನಂಟಿದೆಯಂತೆ, ಹೌದೇ?

2023ರಲ್ಲಿ ದುಂಡುಹುಳು, ಹಣ್ಣುನೊಣ, ಇಲಿ, ಹೆಗ್ಗಣ, ಮನುಷ್ಯ ಹೀಗೆ ಐದು ಜೀವಿಗಳ ಅಂಗಾಂಶಗಳನ್ನೋ ಜೀವಕೋಶಗಳನ್ನೋ ಹೋಲಿಸಿದ ಅಧ್ಯಯನದಲ್ಲಿ ವಯಸ್ಸಾದಂತೆ ಪಾಲಿಮರೇಸಿನ ಸರಾಸರಿ ವೇಗ ಹೆಚ್ಚುತ್ತದೆ ಎಂದು ಕಂಡುಬಂತು, ಜೊತೆಗೆ ಸ್ಪ್ಲೈಸಿಂಗಿನಲ್ಲೂ ಬದಲಾವಣೆ. ಮುದಿತನಕ್ಕೆ ಎಲ್ಲವೂ ನಿಧಾನವಾಗುತ್ತದೆ ಎಂದುಕೊಂಡವರಿಗೆ ಇದು ಅಚ್ಚರಿ. ನಿಧಾನದ ಪಾಲಿಮರೇಸ್ ಇರುವ ಹುಳುಗಳೂ ನೊಣಗಳೂ ಹೆಚ್ಚು ದಿನ ಬದುಕಿದವು. ಮನುಷ್ಯನ ಆಯಸ್ಸಿನ ಬಗ್ಗೆ ಇದರಿಂದ ಏನನ್ನೂ ಹೇಳಲು ಬರುವುದಿಲ್ಲ.

ಪರೀಕ್ಷೆಯಲ್ಲಿ ಚಿತ್ರ ಬರೆಯಿರಿ ಎಂದರೆ ಏನು ಬರೆಯಲಿ?

ಪಠ್ಯದಲ್ಲಿರುವ ಬಾಣಗಳನ್ನೇ ಬರೆಯಿರಿ, ಅಂಕ ಅದಕ್ಕೇ. ಪಕ್ಕದಲ್ಲಿ ಜಾಗ ಉಳಿದರೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ, ಅದು ಡಿಎನ್‌ಎ. ಮೇಲೆ ಐದು ಚುಕ್ಕಿ ಇಡಿ, ಪಾಲಿಮರೇಸುಗಳು. ಪ್ರತಿ ಚುಕ್ಕಿಯಿಂದ ಒಂದು ಎಳೆ ಇಳಿಬಿಡಿ, ಎಡದಿಂದ ಬಲಕ್ಕೆ ಉದ್ದವಾಗುತ್ತಾ ಹೋಗಲಿ. ಮೂರನೆಯ ಎಳೆಯ ಮೇಲೆ ಎರಡು ಗಂಟು, ನಾಲ್ಕನೆಯದರಲ್ಲಿ ಒಂದು ಕುಣಿಕೆ. ಐದನೆಯದನ್ನು ನಾಲ್ಕನೆಯದಕ್ಕಿಂತ ಗಿಡ್ಡ ಬರೆಯಿರಿ.